ಏಳು ವರ್ಷ ಥಂಡರ್‌ಬರ್ಡ್‌ನಲ್ಲಿ ಯುನಿವರ್ಸಿಟಿ ಮೇಲ್

ನಮ್ಮೂರು ತೀರ್ಥಹಳ್ಳಿಯಿಂದ ಹದಿನೆಂಟು ಕಿಲೋಮೀಟರ್ ಒಳಗೆ. ಜೂನ್‌ನಲ್ಲಿ ಮಳೆ ಹಿಡಿದರೆ ಮೊದಲು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್. ನಾನು ಪಿಎಚ್‌ಡಿಗೆ ಸೇರಿದ್ದು 2018ರಲ್ಲಿ. ಆ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಗೈಡ್ ಮನೆಯ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿದರು. "ನಿನ್ನ ಸಿನಾಪ್ಸಿಸ್ ತಿದ್ದಿ ನಿನ್ನೆನೇ ಕಳಿಸಿದ್ದೀನಲ್ಲಮ್ಮಾ, ನೋಡಿಲ್ವಾ?" ನೋಡಿದ್ದೆ. ಬಸ್ಸಿನಲ್ಲಿ ಬರುವಾಗ ಫೋನ್‌ನಲ್ಲಿ ಅವರ ಹೆಸರು ಕಂಡಿತ್ತು. ಮನೆಗೆ ಹೋಗಿ ಓದೋಣ ಎಂದು ಬಿಟ್ಟಿದ್ದೆ. ಮನೆಗೆ ಬಂದರೆ ತೆರೆಯಲೇ ಇಲ್ಲ, ಚಕ್ರ ಸುತ್ತುತ್ತಾ ಕೂತಿತು. "ನೆಟ್ ಇಲ್ಲ ಸರ್" ಎಂದೆ. ಆ ಕಡೆಯಿಂದ ಒಂದು "ಹ್ಞೂಂ" ಬಂತು. ಅದರ ಅರ್ಥ ಪಿಎಚ್‌ಡಿ ಮಾಡಿದವರಿಗೆ ಗೊತ್ತಿರುತ್ತದೆ.

ಮೇಲ್ ಪೂರ್ತಿ, ಅಟ್ಯಾಚ್‌ಮೆಂಟ್ ಸಮೇತ, ನನ್ನ ಲ್ಯಾಪ್‌ಟಾಪ್‌ನೊಳಗೆ ಬಂದು ಕೂರಬೇಕು ಎಂದು ಆಗ ನಿರ್ಧರಿಸಿದೆ. ಹುಡುಕಿದಾಗ ಸಿಕ್ಕಿದ್ದು ಥಂಡರ್‌ಬರ್ಡ್, ಕಂಪ್ಯೂಟರ್‌ನಲ್ಲಿ ಮೇಲ್ ಇಳಿಸಿ ಓದುವ, ಬರೆಯುವ ತಂತ್ರಾಂಶ. ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರದ್ದು. ಮೊದಲ ಆವೃತ್ತಿ ಬಂದಿದ್ದು 2004ರ ಡಿಸೆಂಬರ್‌ನಲ್ಲಿ. ಉಚಿತ. ಬಳಸುವವರು ಕೊಡುವ ದೇಣಿಗೆಯಿಂದ ನಡೆಯುತ್ತದೆ. ಅಂದಿನಿಂದ ಇಂದಿನವರೆಗೂ ಅದನ್ನೇ ಬಳಸುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ನನ್ನ ಯುನಿವರ್ಸಿಟಿಯ ತಪ್ಪಿಗೆ, ಆದರೆ ಅವರಿಗೆ ಅಂಕ ಕೊಡುವ ಜಾಗ ಎಲ್ಲೂ ಇಲ್ಲ.

ಮೊದಲು ಹಾಕಿಕೊಳ್ಳುವ ಕಥೆ. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತದೆ. ನಿಮ್ಮ ವಿಳಾಸ 'ಡಾಟ್ ಎಸಿ ಡಾಟ್ ಇನ್' ಎಂದು ಮುಗಿದರೂ ಒಳಗೆ ಮೇಲ್ ನಡೆಸುವುದು ಸಾಮಾನ್ಯವಾಗಿ ಗೂಗಲ್ ಅಥವಾ ಮೈಕ್ರೋಸಾಫ್ಟ್. ಯಾವುದೆಂದು ತಿಳಿಯಲು ಬ್ರೌಸರ್‌ನಲ್ಲಿ ಲಾಗಿನ್ ಆಗುವಾಗ ಯಾರ ಪುಟ ಬರುತ್ತದೆ ನೋಡಿ, ಸಾಕು. ನಮ್ಮದು ಗೂಗಲ್. ಹಾಗಿದ್ದರೆ ಒಳಬರುವ ಸರ್ವರ್ 'ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ (ಸರ್ವರ್‌ನ ಯಾವ ಬಾಗಿಲು ಎಂಬ ಸಂಖ್ಯೆ) 993. ಹೊರಹೋಗುವುದು 'ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್', ಪೋರ್ಟ್ 465 ಅಥವಾ 587. ಯೂಸರ್‌ನೇಮ್ ಕೇಳಿದ ಕಡೆ ಪೂರ್ತಿ ವಿಳಾಸ ಕೊಡಬೇಕು, ಅರ್ಧ ಅಲ್ಲ.

ಇಷ್ಟು ಸುಲಭದ್ದು ನನಗೆ ಮೂರು ದಿನ ಹಿಡಿಯಿತು. ಹಾಸ್ಟೆಲ್ ವೈಫೈಯಲ್ಲಿ ಎಷ್ಟು ಸಲ ಒತ್ತಿದರೂ ಟೈಮ್‌ಔಟ್, ಅಂದರೆ ಸರ್ವರ್‌ನಿಂದ ಉತ್ತರವೇ ಇಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಎಂದುಕೊಂಡು ಎರಡು ಸಲ ಬದಲಾಯಿಸಿದೆ. ಕೊನೆಗೆ ಸುಮ್ನೆ ಫೋನ್‌ನ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿದರೆ ಅರ್ಧ ನಿಮಿಷದಲ್ಲಿ ಇನ್‌ಬಾಕ್ಸ್ ತುಂಬಿತು! ಕ್ಯಾಂಪಸ್‌ನವರು ಬ್ರೌಸರ್‌ಗೆ ಬೇಕಾದ ಪೋರ್ಟ್ ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿದ್ದರು. ಹೋಗಿ ಕೇಳಿದರೆ, ಎಚ್‌ಓಡಿ ಸಹಿ ಹಾಕಿಸಿ ಅರ್ಜಿ ಕೊಡಿ ಎಂದರು. ಕೊಟ್ಟೆ. ಅರ್ಜಿ ಇನ್ನೂ ಅಲ್ಲೇ ಎಲ್ಲೋ ಇರಬೇಕು. ನಾನಂತೂ ಏಳು ವರ್ಷ ಹಾಟ್‌ಸ್ಪಾಟ್‌ನಲ್ಲೇ ಕಳೆದೆ. ನಿಮಗೂ ಟೈಮ್‌ಔಟ್ ಬಂದರೆ ಪಾಸ್‌ವರ್ಡ್ ಮುಟ್ಟುವ ಮುಂಚೆ ಬೇರೆ ನೆಟ್‌ನಲ್ಲಿ ಒಮ್ಮೆ ನೋಡಿ. ಪಾಸ್‌ವರ್ಡ್ ತಪ್ಪಾಗಿದ್ದರೆ ಥಂಡರ್‌ಬರ್ಡ್ ಹಾಗೆಂದೇ ಹೇಳುತ್ತದೆ.

ಎರಡನೇ ಎಡವಟ್ಟು ಪೂರ್ತಿ ನನ್ನದೇ. ಮೇಲ್ ಕಂಪ್ಯೂಟರ್‌ಗೆ ಇಳಿಯಬೇಕೆಂದರೆ ಪಾಪ್ ಹಾಕು, ಐಮ್ಯಾಪ್ ಅಲ್ಲ ಎಂದು ಲ್ಯಾಬಿನ ಗೆಳತಿ ಹೇಳಿದ್ದಳು. ಎರಡೂ ಸರ್ವರ್‌ನಿಂದ ಮೇಲ್ ತರುವ ವಿಧಾನಗಳು. ಪಾಪ್ ಬರೀ ಇಳಿಸಿಕೊಳ್ಳುತ್ತದೆ, ಐಮ್ಯಾಪ್ ಸರ್ವರ್ ಜೊತೆ ಸದಾ ತಾಳೆ ಹಾಕುತ್ತಿರುತ್ತದೆ. ಅವಳು ಹೇಳಿದ್ದು ಹಳೇ ಕಾಲದ ಲೆಕ್ಕ. ನಾನು ಪಾಪ್ ಹಾಕಿ, ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಇಳಿಸಿಕೊಂಡ ಮೇಲೆ ಜಿಮೇಲ್‌ನ ಪ್ರತಿ ಅಳಿಸು' ಎಂಬ ಆಯ್ಕೆಯನ್ನೂ ಒತ್ತಿದೆ. ಜಾಗ ಉಳಿಯುತ್ತದಲ್ವಾ ಎಂಬ ಬುದ್ಧಿವಂತಿಕೆ. ಮಾರನೇ ದಿನ ಫೋನ್ ತೆರೆದರೆ ಇನ್‌ಬಾಕ್ಸ್ ಖಾಲಿ. ಅಳಿಸಿದ್ದು 30 ದಿನ ಬಿನ್‌ನಲ್ಲಿ ಇರುತ್ತದೆ, ಹಾಗಾಗಿ ಬಚಾವಾದೆ. ಐಮ್ಯಾಪ್‌ನಲ್ಲೂ ಮೇಲ್ ಪೂರ್ತಿ ಇಳಿಯುತ್ತದೆ. 'ಸಿಂಕ್ರೊನೈಸೇಷನ್ ಅಂಡ್ ಸ್ಟೋರೇಜ್' ಎಂಬಲ್ಲಿ, ಈ ಕಂಪ್ಯೂಟರ್‌ನಲ್ಲಿ ಇಟ್ಟುಕೋ ಎಂಬ ಟಿಕ್ ತಾನಾಗೇ ಬಿದ್ದಿರುತ್ತದೆ. ಫೋನ್‌ನಲ್ಲಿ ಓದಿದ್ದು ಇಲ್ಲೂ ಓದಿದ್ದಾಗಿ ಕಾಣುತ್ತದೆ. ಇಲ್ಲಿ ಅಳಿಸಿದ್ದು ಅಲ್ಲೂ, ಅಲ್ಲಿ ಅಳಿಸಿದ್ದು ಇಲ್ಲೂ ಹೋಗುತ್ತದೆ. ಈ ಕೊನೆಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಸಲ ಇಳಿಸುವಾಗ ಒಂದು ತಮಾಷೆ ಇದೆ. ಜಿಮೇಲ್‌ನ ಲೇಬಲ್‌ಗಳು ಇಲ್ಲಿ ಫೋಲ್ಡರ್ ಆಗಿ ಕಾಣುತ್ತವೆ. ಇನ್‌ಬಾಕ್ಸ್‌ನಲ್ಲಿರುವ ಅದೇ ಮೇಲ್ 'ಆಲ್ ಮೇಲ್' ಫೋಲ್ಡರ್‌ನಲ್ಲೂ ಇರುತ್ತದೆ. ಹಾಟ್‌ಸ್ಪಾಟ್ ಡೇಟಾ ಬೆಳಿಗ್ಗೆಯೇ ಖಾಲಿಯಾದದ್ದು ಯಾಕೆಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಜಿಮೇಲ್‌ನ ಲೇಬಲ್ ಸೆಟ್ಟಿಂಗ್ಸ್‌ಗೆ ಹೋಗಿ 'ಆಲ್ ಮೇಲ್' ಎದುರಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆಯಿರಿ. ಇನ್ನೊಂದು, ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿಗಿಂತ ಜಾಸ್ತಿ ಇಳಿಸಲು ಗೂಗಲ್ ಬಿಡುವುದಿಲ್ಲ. ಮೀರಿದರೆ ಅಕೌಂಟ್ ಸ್ವಲ್ಪ ಹೊತ್ತು ಮುನಿಸಿಕೊಳ್ಳುತ್ತದೆ. ದೊಡ್ಡ ಇನ್‌ಬಾಕ್ಸ್ ಇದ್ದವರು ಎರಡು ಮೂರು ರಾತ್ರಿ ಬಿಟ್ಟುಕೊಳ್ಳಿ.

ಒಂದೇ ಅಕೌಂಟ್‌ಗೆ ಏಕಕಾಲಕ್ಕೆ 15 ಸಂಪರ್ಕ ಎಂಬ ಮಿತಿಯೂ ಇದೆ. ಥಂಡರ್‌ಬರ್ಡ್ ಒಂದೇ ಐದು ಸಂಪರ್ಕ ಹಿಡಿದುಕೊಳ್ಳುತ್ತದೆ. ಲ್ಯಾಬ್, ಲ್ಯಾಪ್‌ಟಾಪ್, ಮನೆ ಎಂದು ಮೂರು ಕಡೆ ಹಾಕಿಕೊಂಡು ಫೋನ್‌ನಲ್ಲೂ ತೆರೆದರೆ ತಕರಾರು ಶುರು. ಸರ್ವರ್ ಸೆಟ್ಟಿಂಗ್ಸ್‌ನ 'ಅಡ್ವಾನ್ಸ್ಡ್' ಒಳಗೆ ಐದನ್ನು ಎರಡು ಮಾಡಿದೆ, ಆಮೇಲೆ ಗಲಾಟೆ ಇಲ್ಲ.

ಈ ಏಳು ವರ್ಷದಲ್ಲಿ ನಿಜವಾಗಿ ಕೈಕೊಟ್ಟದ್ದು ಒಂದೇ ಸಲ. ಅದೂ ಥೀಸಿಸ್ ಸಲ್ಲಿಸಿ ವೈವಾ ದಿನಾಂಕಕ್ಕೆ ಕಾಯುತ್ತಿದ್ದಾಗ, 2025ರ ಮೇ ತಿಂಗಳಲ್ಲಿ. ಬೆಳಿಗ್ಗೆ ತೆರೆದರೆ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಮತ್ತೆ ಕೇಳಿತು. ಅದೇ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ನಡೆಯುತ್ತಿದೆ, ಇಲ್ಲಿ ಇಲ್ಲ. ವಿಷಯ ಇಷ್ಟು: 2018ರಲ್ಲಿ ನಾನು 'ನಾರ್ಮಲ್ ಪಾಸ್‌ವರ್ಡ್' ಎಂದು ಆರಿಸಿದ್ದೆ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಆ ದಾರಿಯನ್ನು ಗೂಗಲ್ ಸಾಮಾನ್ಯ ಜಿಮೇಲ್‌ಗೆ 2022ರಲ್ಲೇ ಮುಚ್ಚಿತ್ತು. ಸಂಸ್ಥೆಗಳ ಅಕೌಂಟ್‌ಗೆ 2025ರ ಮೇ 1ರಿಂದ ಮುಚ್ಚಿತು. ಈಗ ಬೇಕಾದ್ದು ಓಆತ್2. ಹಾಗೆಂದರೆ ಗೂಗಲ್‌ನದೇ ಪುಟ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ಅಲ್ಲಿ ಕೊಡುತ್ತೀರಿ. ಥಂಡರ್‌ಬರ್ಡ್ ಕೈಗೆ ಪಾಸ್‌ವರ್ಡ್ ಬರುವುದಿಲ್ಲ, ಒಂದು ಪಾಸ್ ಮಾತ್ರ ಬರುತ್ತದೆ.

ಬದಲಾಯಿಸುವುದು ಎರಡು ನಿಮಿಷದ ಕೆಲಸ. ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್, ಅಥೆಂಟಿಕೇಷನ್ ಮೆಥಡ್‌ನಲ್ಲಿ ಓಆತ್2. ನಾನು ಅಷ್ಟು ಮಾಡಿ ಗೆದ್ದೆ ಎಂದುಕೊಂಡೆ. ಮೇಲ್ ಬರುತ್ತಿತ್ತು, ಹೋಗುತ್ತಿರಲಿಲ್ಲ. ಹೊರಹೋಗುವ ಸರ್ವರ್‌ಗೆ ಸೆಟ್ಟಿಂಗ್ ಬೇರೆಯೇ ಇದೆ, ಪಟ್ಟಿಯ ತೀರಾ ಕೆಳಗೆ. ಅಲ್ಲೂ ಓಆತ್2 ಮಾಡಬೇಕು. ಗೂಗಲ್ ಪುಟ ಬಂದು ಖಾಲಿ ನಿಂತರೆ ಥಂಡರ್‌ಬರ್ಡ್‌ನ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಕುಕೀಸ್ ಒಪ್ಪಿಕೊಂಡಿದೆಯಾ ನೋಡಿ. ಇಷ್ಟೆಲ್ಲ ಮಾಡಿ ಕುತ್ತಿಗೆ ಹಿಡಿದುಕೊಂಡ ಮೇಲೆ ಯುನಿವರ್ಸಿಟಿಯಿಂದ ಒಂದು ಸುತ್ತೋಲೆ ಬಂತು, ಈ ಬದಲಾವಣೆ ಬಗ್ಗೆ. ಮೇಲ್‌ನಲ್ಲೇ ಕಳಿಸಿದ್ದರು.

ಕನ್ನಡದ ವಿಷಯಕ್ಕೆ ಬರುತ್ತೇನೆ, ನನ್ನದು ಕನ್ನಡ ವಿಭಾಗ. ಯೂನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ. ಅಕ್ಷರ ತೀರಾ ಸಣ್ಣದಾದರೆ ಫಾಂಟ್ ಸೆಟ್ಟಿಂಗ್‌ನ 'ಅಡ್ವಾನ್ಸ್ಡ್' ಒಳಗೆ ಕನ್ನಡಕ್ಕೆಂದೇ ಬೇರೆ ಫಾಂಟ್, ಬೇರೆ ಗಾತ್ರ ಇಡಬಹುದು. ಬ್ರೌಸರ್ ಜಿಮೇಲ್‌ನಲ್ಲಿ ಈ ಸುಖ ಇಲ್ಲ. ಆದರೆ ಹಿರಿಯ ಮೇಷ್ಟ್ರುಗಳು ಇನ್ನೂ 'ನುಡಿ' ತಂತ್ರಾಂಶದ ಹಳೇ (ಯೂನಿಕೋಡ್ ಅಲ್ಲದ) ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿ ಹಾಗೇ ಮೇಲ್‌ಗೆ ಅಂಟಿಸುತ್ತಾರೆ. ಆಗ ಕಾಣುವುದು ಟೋಪಿ, ಬಾಲ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಥಂಡರ್‌ಬರ್ಡ್‌ನ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಇದಕ್ಕೆ ಮದ್ದಲ್ಲ. ಕನ್ವರ್ಟರ್‌ಗೆ ಹಾಕಿಯೇ ಓದಬೇಕು. ಅಟ್ಯಾಚ್‌ಮೆಂಟ್ ಮರೆತರೆ ಎಚ್ಚರಿಸುವ ಸೌಲಭ್ಯವೂ ಇದೆ. ಆದರೆ ಅದು ತಾನಾಗಿ ನೋಡುವುದು ಇಂಗ್ಲಿಷ್ ಪದಗಳನ್ನು. "ಇದರೊಂದಿಗೆ ಲಗತ್ತಿಸಿದ್ದೇನೆ" ಎಂದು ಬರೆದು ಏನೂ ಲಗತ್ತಿಸದೆ ಎಷ್ಟು ಸಲ ಕಳಿಸಿದ್ದೇನೋ!

ಜಂಕ್ ಫಿಲ್ಟರ್ ಕಲಿಯುತ್ತದೆ, ಇದು ನನಗೆ ತುಂಬಾ ಇಷ್ಟ. "ಗೌರವಾನ್ವಿತ ಪ್ರೊಫೆಸರ್" ಎಂದು ಶುರುವಾಗಿ ಮೂರು ದಿನದಲ್ಲಿ ಪೇಪರ್ ಛಾಪಿಸಿಕೊಡುತ್ತೇವೆ, ಫೀಸ್ ಇಷ್ಟು ಎಂದು ಮುಗಿಯುವ ಪತ್ರಗಳು ಸಂಶೋಧಕರಿಗೆಲ್ಲ ಬರುತ್ತವೆ. ಒಂದು ತಿಂಗಳು ಜಂಕ್ ಎಂದು ಒತ್ತುತ್ತಾ ಹೋದೆ. ಈಗ ತಾನೇ ಎತ್ತಿ ಆಚೆ ಇಡುತ್ತದೆ. ಆದರೆ ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ. ನಾವೇ ಬರೆದುಕೊಳ್ಳುವ ಫಿಲ್ಟರ್‌ಗಳದ್ದೂ ಇದೇ ಕಥೆ. ಲ್ಯಾಪ್‌ಟಾಪ್ ಮುಚ್ಚಿದ್ದರೆ ಫೋನ್‌ನಲ್ಲಿ ಎಲ್ಲ ಕಸವೂ ಕಾಣುತ್ತದೆ.

ಬೇಸರಗಳು ಇಲ್ಲವೆಂದಲ್ಲ. 2023ರ ಜುಲೈನಲ್ಲಿ ಬಂದ 115ನೇ ಆವೃತ್ತಿ ಮುಖ ಪೂರ್ತಿ ಬದಲಾಯಿಸಿತು. ಬಟನ್ ಹುಡುಕುತ್ತಾ ಒಂದು ವಾರ ಹೋಯಿತು. ದೊಡ್ಡ ಹುಡುಕಾಟ ನಿಧಾನ. ಮೇಲಿನ ಕ್ವಿಕ್ ಫಿಲ್ಟರ್ ಪಟ್ಟಿಯೇ ವಾಸಿ.

ನಾನೀಗ ಗೆಸ್ಟ್ ಲೆಕ್ಚರರ್ ಆಗಿರುವ ಕಾಲೇಜಿನದು ಮೈಕ್ರೋಸಾಫ್ಟ್ ಮೇಲ್. ಅಲ್ಲಿ ಓಆತ್2 ಪುಟ ಬಂದು 'ಅಡ್ಮಿನ್ ಒಪ್ಪಿಗೆ ಬೇಕು' ಎಂದು ನಿಲ್ಲುತ್ತದೆ. 2025ರ ನವೆಂಬರ್‌ನ 145ನೇ ಆವೃತ್ತಿಯಿಂದ ಮೈಕ್ರೋಸಾಫ್ಟ್‌ನ ಮೇಲ್ ವ್ಯವಸ್ಥೆಯಾದ ಎಕ್ಸ್‌ಚೇಂಜ್‌ಗೆ ನೇರ ಸಂಪರ್ಕ ಬಂದಿದೆ. ಆದರೆ ಅಡ್ಮಿನ್ ಬಾಗಿಲು ತೆಗೆಯದಿದ್ದರೆ ಅದೂ ಏನು ಮಾಡೀತು. ಮತ್ತೆ ಅರ್ಜಿ, ಮತ್ತೆ ಎಚ್‌ಓಡಿ ಸಹಿ.

ಇದನ್ನು ಬರೆಯಲು ಕೂತ ಕಾರಣ ಬೇರೆ. ಪದವಿ ಬಂತು, ಅಕೌಂಟ್ ಮುಚ್ಚುತ್ತೇವೆ ಎಂಬ ಮೇಲೂ ಬಂತು. ಅವರ ಕಷ್ಟವೂ ಇದೆ. ವಿದ್ಯಾಸಂಸ್ಥೆಗಳಿಗೆ ಮೊದಲು ಮಿತಿಯೇ ಇಲ್ಲದ ಜಾಗ ಕೊಡುತ್ತಿದ್ದ ಗೂಗಲ್, ಆಮೇಲೆ ಇಡೀ ಸಂಸ್ಥೆಗೆ ಸೇರಿ ಸಾಮಾನ್ಯವಾಗಿ 100 ಟಿಬಿ ಎಂದು ಬೇಲಿ ಹಾಕಿತು. ಇಪ್ಪತ್ತು ಸಾವಿರ ಜನರಿರುವ ಕಡೆ ತಲೆಗೆ 5 ಜಿಬಿ. ಹೋದವರನ್ನು ಹೊರಹಾಕದೆ ಬಂದವರಿಗೆ ಜಾಗ ಎಲ್ಲಿಂದ ಕೊಡುತ್ತಾರೆ?

ಮೇಲ್ ಎಲ್ಲ ಲ್ಯಾಪ್‌ಟಾಪ್‌ನಲ್ಲಿದೆಯಲ್ಲ ಎಂದು ನಿಶ್ಚಿಂತೆಯಿಂದ ಕೂರಬೇಡಿ. ಐಮ್ಯಾಪ್ ಫೋಲ್ಡರ್ ಕನ್ನಡಿ ಇದ್ದ ಹಾಗೆ. ಅಲ್ಲಿ ಹೋದರೆ ಇಲ್ಲೂ ಹೋಗುತ್ತದೆ. ಎಡಗಡೆ ಪಟ್ಟಿಯಲ್ಲಿ 'ಲೋಕಲ್ ಫೋಲ್ಡರ್ಸ್' ಎಂದಿರುತ್ತದೆ. ಅದರೊಳಗೆ ಹೊಸ ಫೋಲ್ಡರ್ ಮಾಡಿ, ಮೇಲ್‌ಗಳನ್ನು ಆರಿಸಿ ಕಾಪಿ ಮಾಡಬೇಕು. ಮೂವ್ ಅಲ್ಲ, ಕಾಪಿ. ಮಧ್ಯೆ ನೆಟ್ ಹೋದರೆ ಮೂಲವಾದರೂ ಇರಲಿ. ನಾನು ವರ್ಷಕ್ಕೊಂದು ಫೋಲ್ಡರ್ ಮಾಡಿ, ಎರಡೂ ಕಡೆ ಸಂಖ್ಯೆ ಹೊಂದುತ್ತದಾ ಎಂದು ನೋಡಿಕೊಂಡೆ. ಆಮೇಲೆ ಥಂಡರ್‌ಬರ್ಡ್ ಮುಚ್ಚಿ, ಮೇಲ್, ಸೆಟ್ಟಿಂಗ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಪೂರ್ತಿ ಎತ್ತಿ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಏಳು ವರ್ಷದ ಬೈಗುಳ, ತಿದ್ದುಪಡಿ, "ಗುಡ್, ಮುಂದುವರಿಸು" ಎಂಬ ಎರಡೇ ಪದದ ಮೇಲ್ ಎಲ್ಲ ಬಂತು.

ನಿನ್ನೆ ರಾತ್ರಿ ಪರೀಕ್ಷೆಗೆಂದು ನೆಟ್ ಆಫ್ ಮಾಡಿ ಮೂರನೇ ಅಧ್ಯಾಯದ ಕರಡು ಇದ್ದ ಮೇಲ್ ತೆರೆದೆ. ಮೇಲ್ ಇದೆ. ಕೆಳಗೆ ಫೈಲ್ ಇಲ್ಲ, ಗೂಗಲ್ ಡ್ರೈವ್ ಲಿಂಕ್ ಇದೆ. 25 ಎಂಬಿ ದಾಟಿದ್ದನ್ನೆಲ್ಲ ಜಿಮೇಲ್ ಲಿಂಕ್ ಮಾಡಿ ಕಳಿಸಿರುತ್ತದೆ, ಸ್ಕ್ಯಾನ್ ಮಾಡಿದ ಹಸ್ತಪ್ರತಿ ಪುಟಗಳೆಲ್ಲ ಹಾಗೆಯೇ ಹೋಗಿದ್ದವು. ಅಕೌಂಟ್ ಮುಚ್ಚಿದರೆ ನನ್ನ ಡ್ರೈವ್‌ನ ಫೈಲೂ ಹೋಗುತ್ತದೆ. ಒಂದೊಂದಾಗಿ ತೆರೆದು ಇಳಿಸುತ್ತಾ ಕೂತಿದ್ದೇನೆ. ಇನ್ನೂ ನಲವತ್ತು ಚಿಲ್ಲರೆ ಬಾಕಿ ಇದೆ, ಕೊನೆಯ ದಿನ ಶುಕ್ರವಾರ.