ಎಎಫ್‌ಎಂ-ಟು-ಡಿಟ್: ಪಟ್ಟಿ ಕಟ್ಟಿಕೊಡುತ್ತದೆ, ಕಾಯುವುದು ನಮ್ಮ ಪಾಲಿಗೆ

ಆದೇಶಗಳನ್ನು ಬೆರೆಸಿದ ಸಾದಾ ಪಠ್ಯದಿಂದ ಅಚ್ಚಿನ ಪುಟ ಹೊಂದಿಸುವ ತಂತ್ರಾಂಶ ಜಿ-ರಾಫ್. ಪುಟ ಕಟ್ಟುವಾಗ ಅದು ಫಾಂಟ್ ಕಡತವನ್ನು ತೆರೆದು ನೋಡುವುದೇ ಇಲ್ಲ. ಸಾಲು ಎಲ್ಲಿ ಮುರಿಯಬೇಕು, ಯಾವ ಅಕ್ಷರಕ್ಕೆ ಎಷ್ಟು ಜಾಗ ಎಂಬುದಕ್ಕೆಲ್ಲ ಅದು ನಂಬುವುದು ಒಂದು ಸಾದಾ ಪಠ್ಯದ ಪಟ್ಟಿಯನ್ನು. ಅಡೋಬಿಯ ಎಎಫ್‌ಎಂ ಅಳತೆ ಕಡತದಿಂದ ಆ ಪಟ್ಟಿ ತಯಾರಿಸುವ ಪರ್ಲ್ ಸ್ಕ್ರಿಪ್ಟೇ ಎಎಫ್‌ಎಂ-ಟು-ಡಿಟ್. 2023ರ 1.23 ಆವೃತ್ತಿಯನ್ನು ಇಟ್ಟುಕೊಂಡು ಈ ವಿಮರ್ಶೆ. ಡೆಬಿಯನ್ ಲಿನಕ್ಸ್‌ನಲ್ಲಿ ಜಿ-ರಾಫ್‌ನ ‘ಬೇಸ್’ ಪ್ಯಾಕೇಜು ಮಾತ್ರ ಇದ್ದರೆ ಇದು ಸಿಗದು, ಪೂರ್ತಿ ಜಿ-ರಾಫ್ ಹಾಕಿಕೊಳ್ಳಬೇಕು.

ಪಟ್ಟಿಯ ಕ್ರಮ ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಜೋ ಒಸಾನ್ನಾ ಬರೆದ, ಜಿ-ರಾಫ್‌ಗೆ ಪೂರ್ವಜನಾದ ಮೂಲ ಟಿ-ರಾಫ್ ಒಂದೇ ಅಚ್ಚುಜೋಡಣೆ ಯಂತ್ರಕ್ಕೆ ಕಟ್ಟುಬಿದ್ದಿತ್ತು: ನಾಲ್ಕು ಫಾಂಟು, ಒಂದೊಂದಕ್ಕೆ 102 ಅಕ್ಷರ. 1977ರಲ್ಲಿ ಅವರು ತೀರಿಕೊಂಡ ಮೇಲೆ ಬ್ರಯಾನ್ ಕರ್ನಿಘನ್ ಅದನ್ನು ಬೇರೆ ಬೇರೆ ಯಂತ್ರಗಳಿಗೆ ಒಗ್ಗಿಸಿ, ಅಳತೆಗಳನ್ನು ಹೊರಗಿನ ಕಡತಗಳಿಗೆ ಸಾಗಿಸಿದರು. ಕಣ್ಣಿಗೆ ಕಾಣುವ, ಗ್ರೆಪ್ ಆದೇಶದಿಂದ ಹುಡುಕಬಹುದಾದ ಪಟ್ಟಿ ಇವತ್ತಿಗೂ ಈ ವ್ಯವಸ್ಥೆಯ ದೊಡ್ಡ ಸುಖ.

ಟೈಮ್ಸ್ ರೋಮನ್ನಿನ ಪಟ್ಟಿ ತೆರೆದರೆ ಪದಗಳ ನಡುವಿನ ಜಾಗ 250, ದೊಡ್ಡಕ್ಷರದ ‘ಎ’ ಅಗಲ 722, ಎತ್ತರ 674 ಎಂದು ಸಿಗುತ್ತದೆ. ಇವು ಎಮ್‌ನ (ಅಕ್ಷರದ ಗಾತ್ರದಷ್ಟೇ ಉದ್ದದ ಅಳತೆ) ಸಾವಿರದ ಭಾಗಗಳು. ಅಂದರೆ 10 ಪಾಯಿಂಟಿನಲ್ಲಿ ಆ ‘ಎ’ 7.22 ಪಾಯಿಂಟು ಅಗಲ. ‘ಎ’ ಪಕ್ಕ ‘ವಿ’ ಬಂದರೆ ಕರ್ನಿಂಗ್ (ಜೋಡಿ ಅಕ್ಷರಗಳ ನಡುವಿನ ಜಾಗದ ಹೊಂದಾಣಿಕೆ) ಭಾಗದ ಮೈನಸ್ 135 ಎಂಬ ಸಾಲು ಎರಡನ್ನೂ 1.35 ಪಾಯಿಂಟು ಹತ್ತಿರ ಎಳೆಯುತ್ತದೆ.

ಹೊಸ ಟ್ರೂಟೈಪ್ ಫಾಂಟ್ ಸೇರಿಸುವುದಾದರೆ ಮೊದಲು ಫಾಂಟ್‌ಫೋರ್ಜ್ ಎಂಬ ಫಾಂಟ್ ತಿದ್ದುವ ತಂತ್ರಾಂಶದಿಂದ ಪಿಎಫ್‌ಎ (ಅಕ್ಷರಗಳ ಆಕಾರವಿರುವ ಪೋಸ್ಟ್‌ಸ್ಕ್ರಿಪ್ಟ್ ಫಾಂಟ್ ಕಡತ), ಎಎಫ್‌ಎಂ ಎರಡನ್ನೂ ಒಂದೇ ಬಾರಿಗೆ ಹೊರತೆಗೆಯಿರಿ. ಎಎಫ್‌ಎಂನಲ್ಲಿ ಕರ್ನಿಂಗ್ ಜೋಡಿಗಳು ಬಂದಿವೆಯೇ ಎಂದು ಇಲ್ಲೇ ನೋಡಿಬಿಡಿ, ಇಲ್ಲಿ ಇಲ್ಲದ್ದು ಮುಂದೆ ಎಲ್ಲೂ ಹುಟ್ಟುವುದಿಲ್ಲ. ಆಮೇಲೆ ಸ್ಕ್ರಿಪ್ಟಿಗೆ ಎಎಫ್‌ಎಂ, ಗ್ಲಿಫ್ (ಅಕ್ಷರರೂಪ) ಹೆಸರುಗಳ ಮ್ಯಾಪ್ ಕಡತ, ಪಟ್ಟಿಯ ಹೆಸರು ಈ ಕ್ರಮದಲ್ಲಿ ಕೊಡಬೇಕು. ಅಕ್ಷರದ ಓರೆಗೆ ತಕ್ಕಂತೆ ಪಕ್ಕದ ಜಾಗ ತಿದ್ದುವುದು ‘ಐ’ ಆಯ್ಕೆ, ಎಡಬದಿಯಲ್ಲಿ ಆ ತಿದ್ದುಪಡಿ ಮೈನಸ್ ಆಗದಂತೆ ತಡೆಯುವುದು ‘ಎಂ’. ನೆಟ್ಟಗಿನ ಅಕ್ಷರಕ್ಕೆ ‘ಐ’ 0, ಜೊತೆಗೆ ‘ಎಂ’. ಇಟಾಲಿಕ್‌ಗೆ ‘ಐ’ 50. ಟೈಪ್‌ರೈಟರ್ ಮಾದರಿಯ ಸಮಅಗಲದ ಫಾಂಟಿಗೆ ‘ಕೆ’ ಮತ್ತು ‘ಎನ್’ ಹಾಕಲೇಬೇಕು, ಇಲ್ಲದಿದ್ದರೆ ಕರ್ನಿಂಗ್, ಕೂಡಕ್ಷರ (ಲಿಗೇಚರ್) ನುಸುಳಿ ಕೋಡಿನ ಕಂಬಸಾಲುಗಳು ಓರೆಯಾಗುತ್ತವೆ. ಹೆಸರಿಡುವಾಗ ಕುಟುಂಬದ ಹೆಸರಿನ ಕೊನೆಗೆ ಆರ್, ಐ, ಬಿ, ಬಿಐ ಸೇರಿಸಿದರೆ ನಾಲ್ಕನ್ನೂ ಒಂದೇ ಆದೇಶದಲ್ಲಿ ಬದಲಿಸಬಹುದು.

ಇಲ್ಲಿಯವರೆಗೆ ಉಪಕರಣಕ್ಕೆ ಪೂರ್ತಿ ಅಂಕ. ‘ಡೌನ್‌ಲೋಡ್’ ಕಡತದ ವಿಷಯಕ್ಕೆ ಬಂದರೆ ಮಾತ್ರ ಅದು ಕೈ ತೊಳೆದುಕೊಳ್ಳುತ್ತದೆ. ಫಾಂಟ್ ಹೆಸರಿಗೂ ಕಡತಕ್ಕೂ ಗಂಟು ಹಾಕುವ ಆ ಕಡತವನ್ನು ನಾವೇ ಬರೆಯಬೇಕು: ಪೋಸ್ಟ್‌ಸ್ಕ್ರಿಪ್ಟಿಗೆ ಎರಡು ಅಂಕಣ, ಪಿಡಿಎಫ್‌ಗೆ ಮೂರು. ಪಿಡಿಎಫ್‌ನದರಲ್ಲಿ ಅಂಕಣಗಳ ನಡುವೆ ಟ್ಯಾಬ್ ಇರಬೇಕು, ಬರೀ ಸ್ಪೇಸ್ ಒತ್ತಿದರೆ ನಡೆಯದು. ಪಟ್ಟಿಯೊಳಗಿನ ‘ಇಂಟರ್ನಲ್ ನೇಮ್’ ಈ ಕಡತದಲ್ಲಿರುವ ಫಾಂಟ್ ಹೆಸರಿಗೆ ಅಕ್ಷರಶಃ ಹೊಂದಬೇಕು. ಪಟ್ಟಿ ಸಿಕ್ಕಿದರೂ ಫಾಂಟ್ ಸಿಗುತ್ತಿಲ್ಲ ಎನಿಸಿದರೆ ಮೊದಲು ಹುಡುಕಬೇಕಾದ ಜಾಗ ಇದೇ.

ಇದಕ್ಕಿಂತ ಕೆಟ್ಟದ್ದು ಸದ್ದಿಲ್ಲದೆ ಬರುವ ದೋಷ. ಫಾಂಟಿನ ಹೊಸ ಆವೃತ್ತಿ ಬಂದಾಗ ಪಿಎಫ್‌ಎ ಬದಲಿಸಿ ಪಟ್ಟಿ ಹಾಗೇ ಬಿಟ್ಟರೆ ಎಚ್ಚರಿಕೆ ಏನೂ ಬರುವುದಿಲ್ಲ. ಹಳೆಯ ಅಗಲದ ಲೆಕ್ಕದಲ್ಲಿ ಹೊಸ ಅಕ್ಷರಗಳು ಕೂತು ಒಂದರ ಮೇಲೊಂದು ಹತ್ತುತ್ತವೆ, ಅಥವಾ ಬಲ ಅಂಚು ಒಂದು ಕೂದಲೆಳೆಯಷ್ಟು ಏರುಪೇರಾಗುತ್ತದೆ. ಸ್ಕ್ರಿಪ್ಟು ಅಕ್ಷರದ ಆಕಾರವನ್ನು ನೋಡುವುದೇ ಇಲ್ಲವಾದ್ದರಿಂದ ಇದನ್ನು ಹಿಡಿಯಲು ಅದಕ್ಕೆ ಸಾಧ್ಯವೂ ಇಲ್ಲ. ಪಟ್ಟಿಯನ್ನು ಕೈಯಿಂದ ತಿದ್ದದೆ, ಬದಲಾವಣೆಗಳನ್ನೆಲ್ಲ ಮ್ಯಾಪ್ ಕಡತದಲ್ಲಿಟ್ಟು, ಮೂಲ ಫಾಂಟ್ ಬದಲಾದೊಡನೆ ಪಿಎಫ್‌ಎ, ಎಎಫ್‌ಎಂ, ಪಟ್ಟಿ ಮೂರನ್ನೂ ತಾನಾಗಿ ಹೊಸದಾಗಿ ಹುಟ್ಟಿಸುವ ಆದೇಶಗಳ ಕಡತ, ಅಂದರೆ ಮೇಕ್‌ಫೈಲ್, ಬರೆದಿಡಿ. ಪಟ್ಟಿಯಲ್ಲಿ ಹ್ಯಾಶ್ (#) ಗುರುತಿನಿಂದ ಶುರುವಾಗುವ ಸಾಲು ಟಿಪ್ಪಣಿ ಎನಿಸುತ್ತದೆ. ಪಿಎಫ್‌ಎಯ ಚೆಕ್‌ಸಮ್ಮನ್ನು (ಕಡತ ಬದಲಾದರೆ ತಾನೂ ಬದಲಾಗುವ ಗುರುತುಸಂಖ್ಯೆ) ಪಟ್ಟಿಯ ತಲೆಯಲ್ಲಿ ಹಾಗೆ ಬರೆಸಿಟ್ಟರೆ ಆಮೇಲೆ ಹೋಲಿಸಿ ನೋಡಬಹುದು.

ಕನ್ನಡ ಪುಸ್ತಕಕ್ಕೆ ಇದು ಬೇಡ. ಪಟ್ಟಿಯಲ್ಲಿ ಕೂಡಕ್ಷರವೆಂದರೆ ಇಂಗ್ಲಿಷಿನ ‘ಎಫ್’ನಿಂದ ಶುರುವಾಗುವ ಐದು ಮಾತ್ರ. ಇಂದಿನ ಫಾಂಟುಗಳ ಓಪನ್‌ಟೈಪ್ ಮಾದರಿಯ ಜೋಡಣೆ ನಿಯಮಗಳಿಗೆ ಅಲ್ಲಿ ಜಾಗವೇ ಇಲ್ಲ, ಹಾಗಾಗಿ ‘ಸ್ತ್ರೀ’ ಎಂದು ಬರೆದರೆ ಒತ್ತುಗಳು ಕೂಡುವುದಿಲ್ಲ. ಒತ್ತು, ಗುಣಿತದ ಚೂರುಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡ ಹಳೆಯ ಆಸ್ಕಿ ಕನ್ನಡ ಫಾಂಟುಗಳಿಗೆ ಪಟ್ಟಿ ಕಟ್ಟಲು ಅಡ್ಡಿಯಿಲ್ಲ, ಆದರೆ ಹಾಗೆ ಬಂದ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗದು. ಕನ್ನಡಕ್ಕೆ, ಒತ್ತು-ಗುಣಿತ ಕೂಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು ಬಳಸುವ ಅಚ್ಚುಜೋಡಣೆ ವ್ಯವಸ್ಥೆಗಳಾದ ಝೀಟೆಕ್ ಅಥವಾ ಲುಆಟೆಕ್‌ನ ಎಚ್‌ಬಿ ರೂಪ ಹಿಡಿಯಿರಿ. ಅಲ್ಲಿ ಅಳತೆಯನ್ನು ನೇರ ಫಾಂಟಿನಿಂದಲೇ ಓದುವುದರಿಂದ ಈ ಪಟ್ಟಿಯ ಉಸಾಬರಿಯೂ ಇರುವುದಿಲ್ಲ.