ಕಿಕ್ಸ್‌ಗೆ ಹೊರಗಡೆ ಪಾರ್ಟ್ ತಗೊಳ್ಳೋರು ಹುಷಾರು, ನನ್ನ 18 ಸಾವಿರ ಹೋಯ್ತು

ನಿಸ್ಸಾನ್ ಕಿಕ್ಸ್ ಇಟ್ಕೊಂಡಿರೋರು, ಸೆಕೆಂಡ್ ಹ್ಯಾಂಡಲ್ಲಿ ತಗೋಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಗಾಡಿ ಬಗ್ಗೆ ನಂದೇನೂ ತಕರಾರಿಲ್ಲ, ಹೈವೇಲಿ ಇಷ್ಟು ಗಟ್ಟಿಯಾಗಿ ಕೂರೋ ಗಾಡಿ ಆ ರೇಟಿಗೆ ಸಿಗಲ್ಲ ಅಂತ ಇವತ್ತಿಗೂ ಹೇಳ್ತೀನಿ. ನಂಗೆ ಟೋಪಿ ಹಾಕಿದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯವನು.

ಪೀಣ್ಯ ಹತ್ರ ಟೆಂಪೋದವನು ರಿವರ್ಸ್ ಬಂದು ಬಲಗಡೆ ಎಲ್‌ಇಡಿ ಹೆಡ್‌ಲ್ಯಾಂಪ್ ಒಡೆದು ಹೋದ. ಒಂದು ಲ್ಯಾಂಪಿಗೋಸ್ಕರ ಕ್ಲೇಮ್ ಮಾಡಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ರೆ ಇನ್ಶೂರೆನ್ಸ್ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ) ಯಾಕೆ ಕಳ್ಕೊಳ್ಳೋದು ಅಂತ ಎಲ್ಲರ ಹಾಗೆ ನಾನೂ ಹೊರಗಡೆ ವಿಚಾರಿಸಿದೆ. ಜೆ.ಸಿ. ರೋಡ್ ಕಡೆ ಅಂಗಡಿ ಇರೋ ಒಬ್ಬನ ನಂಬರ್ ಸಿಕ್ತು. ವಾಟ್ಸಾಪಲ್ಲಿ ಗಾಡಿ ಮುಂದಿನ ಫೋಟೋ, ಒಡೆದ ಲ್ಯಾಂಪ್ ಫೋಟೋ, ಆರ್‌ಸಿ ಎಲ್ಲಾ ಕಳಿಸ್ದೆ. ಚಾಸಿಸ್ ನಂಬರ್ ಹಾಕಿ ಚೆಕ್ ಮಾಡ್ತೀರಾ ಅಂತ ನಾನೇ ಬಾಯಿಬಿಟ್ಟು ಕೇಳ್ದೆ. ಅದಕ್ಕವನು, "ಅದೆಲ್ಲಾ ಬೇಡ ಸಾರ್, ಕಿಕ್ಸ್ ವರ್ಲ್ಡ್ ಫುಲ್ ಓಡೋ ಗಾಡಿ, ಎಲ್ಲಾ ಕಡೆ ಒಂದೇ ಲ್ಯಾಂಪು, ಇಂಪೋರ್ಟ್ ಮಾಲು, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದ. ದುಡ್ಡು ಪೂರ್ತಿ ಮುಂಚೆನೇ ಯುಪಿಐ ಮಾಡಿಸ್ಕೊಂಡ. ಬಿಲ್ ಕೇಳಿದ್ರೆ ಒಂದು ಎಸ್ಟಿಮೇಟ್ ಚೀಟಿ, ಅದ್ರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಅಂಗಡಿ ಸೀಲೂ ಇಲ್ಲ.

ಡಬ್ಬ ಬಂತು, ಗ್ಯಾರೇಜಿಗೆ ತಗೊಂಡು ಹೋದೆ. ನಮ್ಮ ಮೆಕ್ಯಾನಿಕ್ ಬಂಪರ್ ಬಿಚ್ಚಿ, ಹಳೇ ಲ್ಯಾಂಪ್ ತೆಗೆದು, ಹೊಸದನ್ನ ಅದರ ಜಾಗಕ್ಕೆ ಹಿಡಿದ. ಮೇಲಿನ ಬೋಲ್ಟ್ ತೂತು ಹತ್ರಹತ್ರ ಬಂತು, ಕೆಳಗಿಂದು ಎರಡು ಬೆರಳಷ್ಟು ಆಚೆ. ಬಾನೆಟ್ ಇಳಿಸಿದ್ರೆ ಮೂಲೇಲಿ ಕೈ ತೂರೋಷ್ಟು ಸಂದಿ. ವೈರಿಂಗ್ ಕಪ್ಲರ್ ತಗೊಂಡ, ನಮ್ಮ ಗಾಡಿ ಪಿನ್ನೇ ಬೇರೆ, ಲ್ಯಾಂಪಿನ ಸಾಕೆಟ್ಟೇ ಬೇರೆ. ಆಮೇಲೆ ಡಬ್ಬ ತಿರುಗಿಸಿ ಸ್ಟಿಕ್ಕರ್ ಓದ್ದ. ಕಿಕ್ಸ್, 2017 ರಿಂದ 2020 ಅಂತ ಇತ್ತು. "ಸಾರ್, ನಮ್ಮಲ್ಲಿ ಈ ಗಾಡಿ ಬಿಟ್ಟಿದ್ದೇ 2019 ಜನವರೀಲಿ, 2017 ಎಲ್ಲಿಂದ ಬಂತು?" ಅಂದ. ಗ್ಯಾರೇಜ್ ಹುಡುಗ್ರೆಲ್ಲಾ ನನ್ನ ಮುಖಾನೇ ನೋಡ್ತಿದ್ರು, ನಂಗೆ ಮೈಯೆಲ್ಲಾ ಉರಿದು ಹೋಯ್ತು.

ಆಮೇಲೆ ಮೆಕ್ಯಾನಿಕ್ಕೇ ಬಿಡಿಸಿ ಹೇಳ್ದ, ರೆನೋ ಡಸ್ಟರ್, ನಿಸ್ಸಾನ್ ಟೆರಾನೋ ಗಾಡಿಗಳ ಕೆಲಸ ಮಾಡಿ ಮಾಡಿ ಪಳಗಿದೋನು. ಬ್ರೆಜಿಲ್, ಮೆಕ್ಸಿಕೋ, ಅಮೆರಿಕದಲ್ಲಿ ಮಾರೋ ಕಿಕ್ಸ್ ಬೇರೆ ಗಾಡಿ, ಅದರ ಪ್ಲಾಟ್‌ಫಾರ್ಮೇ (ಗಾಡಿಯ ಅಡಿಪಾಯದ ಚೌಕಟ್ಟು) ಬೇರೆ. ನಮಗೆ ಅಂತ ಚೆನ್ನೈ ಪಕ್ಕ ಒರಗಡಂ ಫ್ಯಾಕ್ಟರೀಲಿ ಮಾಡಿದ ಕಿಕ್ಸ್ ಡಸ್ಟರ್‌ದೇ ಬಿ0 ಪ್ಲಾಟ್‌ಫಾರ್ಮ್ ಮೇಲೆ ಕೂತಿದೆ. ನೋಡೋಕೆ ಮುಖ ಒಂದೇ ಥರ, ಆದ್ರೆ ಉದ್ದ ನಮ್ಮದು 4384 ಮಿಲಿಮೀಟರ್, ಡಬ್ಬದ ಮೇಲಿದ್ದ ವರ್ಷಗಳ ಅವರ ಗಾಡಿ 4295. ಅಗಲಾನೂ ನಮ್ಮದೇ ಜಾಸ್ತಿ. ಲ್ಯಾಂಪು, ಬಂಪರು, ಗ್ರಿಲ್ಲು ಯಾವುದೂ ಒಂದಕ್ಕೊಂದು ಕೂರಲ್ಲ. ಇನ್ನೊಂದು ವಿಷ್ಯ, ಆ ದೇಶಗಳಲ್ಲಿ ಗಾಡಿ ರಸ್ತೆ ಬಲಗಡೆ ಓಡೋದು, ಅಲ್ಲಿನ ಲ್ಯಾಂಪಿನ ಡಿಪ್ ಬೀಮ್ (ತಗ್ಗಿಸಿದ ಬೆಳಕು) ಬಲಕ್ಕೆ ಬೀಳುತ್ತೆ, ಅಂದ್ರೆ ನಮ್ಮ ರೋಡಲ್ಲಿ ಸೀದಾ ಎದುರುಗಡೆಯಿಂದ ಬರೋರ ಕಣ್ಣಿಗೆ. ಕಷ್ಟಪಟ್ಟು ಕೂರಿಸಿದ್ರೂ ರಾತ್ರಿ ಯಾರ ಜೀವಕ್ಕಾದ್ರೂ ಸಂಚಕಾರ.

ಅಲ್ಲಿಂದಾನೇ ಅಂಗಡಿಯವನಿಗೆ ಫೋನ್ ಹಾಕ್ದೆ. ಮೊದಲ ಉತ್ತರ, "ಕೆಲಸ ಗೊತ್ತಿಲ್ಲದೋನ ಹತ್ರ ಹೋದ್ರೆ ನಾನೇನ್ ಮಾಡ್ಲಿ ಸಾರ್". ಮೆಕ್ಯಾನಿಕ್ ಕೈಗೇ ಫೋನ್ ಕೊಟ್ಟೆ, ಅವನಿಗೂ ಅದೇ ದಬಾಯಿಸೋದು, "ಬ್ರಾಕೆಟ್ ಕಟ್ ಮಾಡು, ಕ್ಲ್ಯಾಂಪ್ ಹೊಡಿ, ಕೂರುತ್ತೆ" ಅಂತ. ಹದಿನೆಂಟು ಸಾವಿರದ ಲ್ಯಾಂಪಿಗೆ ಕ್ಲ್ಯಾಂಪ್ ಹೊಡೀಬೇಕಂತೆ! ಹೋಗ್ಲಿ ವಾಪಸ್ ತಗೋ ಅಂದ್ರೆ, "ಡಬ್ಬ ಓಪನ್ ಆಗಿದೆ, ವಾಪಸ್ ಇಲ್ಲ". ಅಲ್ಲಾ, ಡಬ್ಬ ಓಪನ್ ಮಾಡ್ದೆ ಗಾಡಿಗೆ ಲ್ಯಾಂಪ್ ಹಾಕೋದು ಹೇಗೆ? ಕೊನೇಗೆ ಅವನು ಕಳಿಸಿದ ಮೆಸೇಜ್ ನೋಡಿ, ಇದು ನಂಗೆ ಇವತ್ತಿಗೂ ತಡ್ಕೊಳಕ್ಕಾಗ್ತಿಲ್ಲ: "ಇಂಡಿಯಾ ಕಿಕ್ಸ್ ಅಂತ ನೀವು ಹೇಳ್ಲೇ ಇಲ್ಲ." ನಾನು ಕಳಿಸಿದ ಫೋಟೋದಲ್ಲಿ ಕೆಎ ನಂಬರ್ ಪ್ಲೇಟ್ ಇಷ್ಟು ದೊಡ್ಡದಾಗಿ ಕಾಣ್ತಿದೆ, ಆರ್‌ಸಿ ಕಳಿಸಿದೀನಿ, ಬೆಂಗಳೂರಲ್ಲಿ ಕೂತು ಮಾತಾಡ್ತಿದೀನಿ, ಇಂಡಿಯಾ ಗಾಡಿ ಅಂತ ಬೇರೆ ಹೇಳ್ಬೇಕಾ? ಅಷ್ಟೇ, ಆಮೇಲೆ ಡಿಪಿ ಮಾಯ, ಕಾಲ್ ಹೋಗಲ್ಲ, ಬ್ಲಾಕ್. ಅಂಗಡಿಗೇ ಹೋದ್ರೆ ಅಲ್ಲಿರೋ ಹುಡುಗ "ಓನರ್ ಊರಲ್ಲಿಲ್ಲ" ಅಂತಾನೆ, ಒಳಗಡೆ ಅವನದೇ ಧ್ವನಿ ಕೇಳಿಸ್ತಿದೆ.

ಈಗ 1915 ಗ್ರಾಹಕ ಸಹಾಯವಾಣೀಲಿ ಕಂಪ್ಲೇಂಟ್ ಕೊಟ್ಟಿದೀನಿ. ಬಿಲ್ ಕೊಡದೇ ಇರೋದೇ 2019 ರ ಗ್ರಾಹಕ ಕಾಯ್ದೆ ಪ್ರಕಾರ ತಪ್ಪು, ಬಿಡಲ್ಲ ಅವನನ್ನ.

ಹೊರಗಡೆ ತಗೊಳ್ಳೋರಿಗೆ ಇಷ್ಟೇ ಹೇಳೋದು, ನಿಮ್ಮ ಹಳೇ ಪಾರ್ಟ್ ಮೇಲಿರೋ ನಂಬರಿಗೂ ಅವನು ಕೊಡೋ ಪಾರ್ಟ್ ನಂಬರಿಗೂ ತಾಳೆ ಆಗದೆ ದುಡ್ಡು ಹಾಕ್ಬೇಡಿ, ಚಾಸಿಸ್ ನಂಬರ್ ಬೇಡ ಅನ್ನೋನ ಹತ್ರ ನಿಲ್ಲಲೇಬೇಡಿ, ಜಿಎಸ್‌ಟಿ ಬಿಲ್ ಇಲ್ದೆ ಡಬ್ಬ ಮುಟ್ಟಬೇಡಿ. 2023 ರಲ್ಲಿ ನಮ್ಮಲ್ಲಿ ಕಿಕ್ಸ್ ಮಾರಾಟ ನಿಂತುಹೋದ ಮೇಲೆ ಹೊರಗಡೆ ಪಾರ್ಟ್ ಹುಡುಕೋರು ಜಾಸ್ತಿ ಆಗಿದೀವಿ, ಇಂಥೋರಿಗೆ ಅದೇ ಸುಗ್ಗಿ. ರೆನೋ ಕ್ಯಾಪ್ಚರ್ ಇರೋರಿಗೂ ಇದೇ ಮಾತು, ಯುರೋಪಿನ ಕ್ಯಾಪ್ಚರ್ ಬೇರೆ, ನಮ್ಮದು ಬೇರೆ, ಅದೂ ಡಸ್ಟರ್ ಪ್ಲಾಟ್‌ಫಾರ್ಮೇ.

ಯಾರ ಹತ್ರ ಆದ್ರೂ ನಮ್ಮ ಕಿಕ್ಸ್‌ದು ಬಲಗಡೆ ಎಲ್‌ಇಡಿ ಲ್ಯಾಂಪ್ ಇದ್ರೆ ತಿಳಿಸಿ, ಪಾರ್ಟ್ ನಂಬರ್ ಕಾಣೋ ಹಾಗೆ ಫೋಟೋ ಕಳಿಸಿ. ಈ ಸಲ ಗ್ಯಾರೇಜಲ್ಲೇ ಗಾಡಿಗೆ ಹಿಡಿದು ನೋಡಿ, ಉರಿಸಿ ನೋಡಿ, ಆಮೇಲೇ ದುಡ್ಡು.