ಒಂದೇ ಶಾಸನ, ನಾಲ್ಕು ಕಡೆ ಹುಡುಕಾಟ

ಕೊಪ್ಪಳದಲ್ಲಿ ಇತಿಹಾಸ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಮಾರ್ಗದರ್ಶನ ಮಾಡುವ ನಾನು, ಆಧಾರ ಸಾಮಗ್ರಿಯನ್ನು ಎಲ್ಲಿ ಹುಡುಕಬೇಕೆಂದು ಅವರಿಗೆ ಹೇಳುವ ಮೊದಲು ಈ ಸಲ ನಾನೇ ಹುಡುಕಿ ನೋಡಿದೆ. ನಮ್ಮೂರಿನ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳನ್ನೇ ವಿಷಯವಾಗಿಟ್ಟುಕೊಂಡು, ಫೋನಿನ ಸಾಮಾನ್ಯ ಹುಡುಕಾಟ, ವಿದ್ವತ್ ಲೇಖನಗಳನ್ನು ಹುಡುಕುವ ಗೂಗಲ್ ಸ್ಕಾಲರ್, ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾ ಮತ್ತು ಒಂದು ಕಾಲೇಜು ಗ್ರಂಥಾಲಯಗಳನ್ನು ಒಂದು ವಾರ ಬಳಸಿದೆ.

ಫೋನಿನಲ್ಲಿ ‘ಗವಿಮಠ’ ಎಂದು ಕನ್ನಡದಲ್ಲಿ ಬರೆದರೆ ಮೊದಲು ಕಾಣುವುದು ಜಾತ್ರೆಯ ತೇರು ಮತ್ತು ದಾಸೋಹದ ರೊಟ್ಟಿಯ ರಾಶಿ. ‘ಶಾಸನ’ ಎಂದು ಸೇರಿಸಿದಾಗ ಪ್ರವಾಸಿ ಮಾಹಿತಿಯ ಪುಟಗಳು ಬಂದವು. ಅವುಗಳಲ್ಲೊಂದು, ಗವಿಮಠದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಕೆತ್ತಿದೆ ಎಂದು ಬರೆದಿತ್ತು. ಇದು ತಪ್ಪು. ಆ ಹೆಸರು ಮೊದಲು ಸಿಕ್ಕಿದ್ದು 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ; ನಮ್ಮ ಭಾಗದಲ್ಲಿ ಅದನ್ನು ಬಿಟ್ಟರೆ ನಿಟ್ಟೂರು ಮತ್ತು ಉದೇಗೋಳಗಳಲ್ಲಿದೆ; ಗವಿಮಠದಲ್ಲಿರುವುದು ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ. ಅದೇ ವಾಕ್ಯ ಅಕ್ಷರವೂ ಬದಲಾಗದೆ ಇನ್ನೆರಡು ಪುಟಗಳಲ್ಲಿತ್ತು. ಮೂರು ಕಡೆ ನೋಡಿ ಖಚಿತಪಡಿಸಿಕೊಂಡೆ ಎನ್ನುವ ವಿದ್ಯಾರ್ಥಿ ಓದಿರುವುದು ಎಷ್ಟೋ ಸಲ ಹೀಗೆ ಒಂದೇ ವಾಕ್ಯವನ್ನು.

2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್, ಯಾವ ಲೇಖನವನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆ ಎಂಬುದನ್ನು ಎಳೆ ಹಿಡಿದು ತೋರಿಸುತ್ತದೆ. ಇಂಗ್ಲಿಷ್ ಲೇಖನಗಳಿಗೆ ಅದನ್ನೇ ನೆಚ್ಚುತ್ತೇನೆ. ಆದರೆ ನಮ್ಮ ಭಾಗದ ವಿದ್ವಾಂಸರು ಕನ್ನಡದಲ್ಲಿ ಬರೆದದ್ದು ಬಹುಪಾಲು ಅಭಿನಂದನ ಗ್ರಂಥಗಳಲ್ಲಿ, ವಿಚಾರ ಸಂಕಿರಣಗಳ ಸಂಪುಟಗಳಲ್ಲಿ ಅಡಗಿರುವುದರಿಂದ ಅವು ಯಾವ ಯಂತ್ರದ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ.

ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಶೋಧಗಂಗಾ ದೊಡ್ಡ ಕಣಜವೇ ಆಗಿದೆ. ಕಣಜಕ್ಕೆ ಬಾಯಿ ಮಾತ್ರ ಚಿಕ್ಕದು. ಕನ್ನಡ ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ನಮೂದಿಸುವಾಗ ‘ಶಾಸನ’ವನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಪ್ರಬಂಧದ ಒಳಗಿನ ಪದಗಳಂತೂ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ಅಲ್ಲಿ ಪದ ಹುಡುಕುವುದಕ್ಕಿಂತ, ಸಿಕ್ಕ ಒಂದು ಪ್ರಬಂಧದ ಗ್ರಂಥಋಣ (ಆಧಾರ ಗ್ರಂಥಗಳ ಪಟ್ಟಿ) ಓದುವುದರಿಂದ ನನಗೆ ಹೆಚ್ಚು ಲಾಭವಾಯಿತು.

ಕಡೆಗೆ ಗ್ರಂಥಾಲಯ. ಹತ್ತಕ್ಕೆ ತೆರೆದು ಐದಕ್ಕೆ ಮುಚ್ಚುವ ಅಲ್ಲಿ, ಶಾಸನ ಸಂಪುಟಗಳ ಬೀರುವಿನ ಬೀಗದ ಕೈ ರಜೆಯಲ್ಲಿದ್ದ ಸಹಾಯಕರೊಡನೆ ಊರಿಗೆ ಹೋಗಿದ್ದರಿಂದ ನನ್ನ ಎರಡು ದಿನ ವ್ಯರ್ಥವಾದವು. ಮೂರನೆಯ ದಿನ ಕರ್ನಾಟಕದ ಇತಿಹಾಸದ ಪುಸ್ತಕಗಳಿಗೆ ಗ್ರಂಥಾಲಯ ಕೊಡುವ ಸಂಖ್ಯೆ 954.87ರ ಸಾಲಿನ ಮುಂದೆ ನಿಂತಾಗ, ನಾನು ಕೇಳಿರದಿದ್ದ ಎರಡು ಪುಸ್ತಕಗಳು ಬೇಕಾದ ಪುಸ್ತಕದ ಮಗ್ಗುಲಲ್ಲೇ ಇದ್ದವು. ಅದಕ್ಕಿಂತ ಹೆಚ್ಚು ಬೆಲೆಬಾಳುವುದು ಸಿಕ್ಕಿದ್ದು ಗ್ರಂಥಪಾಲಕರ ಬಾಯಿಂದ: “ನಿಜಾಮರ ಕಾಲದ ಪುಸ್ತಕ ಬೇಕಂದ್ರ ಕೊಪ್ಪಳ ಅಂತ ಹುಡುಕಬ್ಯಾಡ್ರಿ ಸರ್, ಕೊಪ್ಬಾಳ್ ಅಂತ ಹಾಕ್ರಿ.”

ಇಂಗ್ಲಿಷಿನಲ್ಲಿ ಎರಡನೆಯ ‘ಪಿ’ಯ ಜಾಗದಲ್ಲಿ ‘ಬಿ’ ಹಾಕಿದ್ದೇ ತಡ, ಹೈದರಾಬಾದ್ ಪುರಾತತ್ತ್ವ ಮಾಲೆಯ 12ನೆಯ ಸಂಪುಟವಾಗಿ 1935ರಲ್ಲಿ ಪ್ರಕಟವಾದ, ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕದ ಸ್ಕ್ಯಾನ್ ಪ್ರತಿ ಅದೇ ಫೋನಿನಲ್ಲಿ ಬಂದು ನಿಂತಿತು. ಆ ಸಂಪುಟ ಗ್ರಂಥಾಲಯದಲ್ಲಿ ಇರಲಿಲ್ಲ. ಅದರ ಹೆಸರು ಫೋನಿಗೆ ಗೊತ್ತಿರಲಿಲ್ಲ.

ಈಗ ವಿದ್ಯಾರ್ಥಿಗಳಿಗೆ ಫೋನು ಬೇಡ ಎನ್ನುವುದಿಲ್ಲ. ಊರಿನ ಹಳೆಯ ಹೆಸರುಗಳನ್ನೂ ಕಾಗುಣಿತಗಳನ್ನೂ ಗ್ರಂಥಪಾಲಕರಿಂದ ಕೇಳಿ ಬರೆದುಕೊಂಡು, ಆಮೇಲೆ ಫೋನು ತೆಗೆಯಲು ಹೇಳುತ್ತೇನೆ. ಬಳ್ಳಾರಿಯ ಬಗ್ಗೆ ಬರೆಯುತ್ತಿರುವ ಹುಡುಗಿಗೂ, ಊರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದ 2014ರ ನವೆಂಬರ್ 1ಕ್ಕಿಂತ ಹಿಂದಿನ ಇಂಗ್ಲಿಷ್ ಬರಹಗಳಿಗಾಗಿ ‘ಬೆಲ್ಲರಿ’ಯ ಹಳೆಯ ಕಾಗುಣಿತದಲ್ಲಿ ಇನ್ನೊಮ್ಮೆ ಹುಡುಕುವಂತೆ ಹೇಳಿ ಕಳಿಸಿದ್ದೇನೆ.